ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ಲ್ಯಾಬ್

‘ಒಂದನೇದು ಚೆನ್ನಾಗಿ ಕಾಣ್ತಿದೆಯಾ, ಎರಡನೇದಾ?’ ಕಣ್ಣು ಪರೀಕ್ಷೆಗೆ ಹೋದವರಿಗೆಲ್ಲ ಈ ಪ್ರಶ್ನೆ ಗೊತ್ತು. ಇದನ್ನೇ ದಿನಪೂರ್ತಿ ಕೇಳೋದು ನಮ್ಮಂಥ ಆಪ್ಟೋಮೆಟ್ರಿಸ್ಟ್‌ಗಳ ಕೆಲಸ. ಕೆಲವರಿಗೆ ಮಾತ್ರ ಒಂದಷ್ಟು ವರ್ಷವಾದ ಮೇಲೆ ಬೇರೆ ಪ್ರಶ್ನೆ ಕಾಡೋಕೆ ಶುರುವಾಗುತ್ತೆ. ಈ ಮಗುವಿನ ಮೈನಸ್ ಪವರ್ ವರ್ಷ ವರ್ಷ ಏರ್ತಾನೇ ಇದೆಯಲ್ಲ, ಯಾಕೆ? ಅದಕ್ಕೆ ಉತ್ತರ ಟ್ರಯಲ್ ಲೆನ್ಸ್ ಪೆಟ್ಟಿಗೆಯಲ್ಲಿ ಸಿಗಲ್ಲ.

ಆಗ ಪಿಎಚ್‌ಡಿ ಆಸೆ ಹುಟ್ಟುತ್ತೆ. ಮನೆಯಲ್ಲಿ ಹೇಳಿದರೆ, ‘ಓದಿದ್ದು ಸಾಕಾಗ್ಲಿಲ್ವಾ?’

ಕ್ಲಿನಿಕ್ಕು, ಸಂಶೋಧನೆ ಎರಡನ್ನೂ ಕಲಿತವರು ಏನು ಮಾಡಬಲ್ಲರು ಅನ್ನೋದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಅರ್ಲ್ ಸ್ಮಿತ್. ಅವರು ಆಪ್ಟೋಮೆಟ್ರಿಸ್ಟೂ ಹೌದು, ಪಿಎಚ್‌ಡಿ ಮಾಡಿದ ಸಂಶೋಧಕರೂ ಹೌದು. ನಾವು ಅಕ್ಷರ ಓದೋದು ರೆಟಿನಾದ ನಟ್ಟನಡುವಿನ ಫೋವಿಯಾದಿಂದ. ಹಾಗಾಗಿ ಕಣ್ಣುಗುಡ್ಡೆ ಎಷ್ಟು ಉದ್ದ ಬೆಳೀಬೇಕು ಅಂತ ಹೇಳೋದೂ ಅದೇ ಜಾಗ ಅಂತ ಬಹಳ ಕಾಲ ನಂಬಿಕೆಯಿತ್ತು. ಸ್ಮಿತ್ ತಂಡ ಮರಿಕೋತಿಗಳ ಫೋವಿಯಾವನ್ನು ಲೇಸರ್‌ನಿಂದ ಇಲ್ಲವಾಗಿಸಿ ನೋಡಿತು. ಆದರೂ ಕಣ್ಣು ತನ್ನ ಪಾಡಿಗೆ ಸರಿಯಾಗೇ ಬೆಳೀತು! ಅಂದ್ರೆ ಅಂಚಿನ ನೋಟವೂ ಬೆಳವಣಿಗೆಗೆ ಸೂಚನೆ ಕೊಡುತ್ತೆ. 2005ರಲ್ಲಿ ಇದು ಪ್ರಕಟವಾಯ್ತು. (ಕೋತಿಮರಿಗಳ ವಿಷಯ ಓದುವಾಗ ಮನಸ್ಸಿಗೆ ಕಸಿವಿಸಿ ಆಗುತ್ತೆ, ನಿಜ.) ಈಗ ಮಕ್ಕಳ ಮೈನಸ್ ಏರೋದನ್ನ ನಿಧಾನಿಸಲು ಕೊಡುವ ಕೆಲವು ಕನ್ನಡಕಗಳಲ್ಲಿ ನಡುಭಾಗ ಒಂದು ಥರ, ಸುತ್ತಲಿನದು ಇನ್ನೊಂದು ಥರ ಇರುತ್ತಲ್ಲ, ಆ ಯೋಚನೆಗೆ ಇಂಥ ಪ್ರಯೋಗಗಳು ಬಲ ಕೊಟ್ಟವು.

ಅಮೆರಿಕದಲ್ಲಿ ಡಿಗ್ರಿ ಆದ ಮೇಲೆ ನಾಲ್ಕು ವರ್ಷದ ಓಡಿ, ಅಂದ್ರೆ ಡಾಕ್ಟರ್ ಆಫ್ ಆಪ್ಟೋಮೆಟ್ರಿ. ಬರ್ಕ್ಲಿ, ಒಹಾಯೊ ಸ್ಟೇಟ್‌ನಂಥ ಕಡೆ ಅದರ ಜೊತೆಗೇ ಪಿಎಚ್‌ಡಿಯನ್ನೂ ಮಾಡಬಹುದು. ಒಟ್ಟು ಏಳೆಂಟು ವರ್ಷದ ಮಾತು. ಇಲ್ಲಿ ಬಿ.ಆಪ್ಟಮ್ ಮುಗಿಸಿ ಹೋಗೋರು ಒಂದು ವಿಷಯ ಮೊದಲೇ ತಿಳ್ಕೊಳ್ಳಿ: ಅಲ್ಲಿ ಪಿಎಚ್‌ಡಿ ಒಂದನ್ನೇ ಮಾಡಿದರೆ ರೋಗಿಗಳನ್ನು ನೋಡೋ ಲೈಸೆನ್ಸ್ ಸಿಗಲ್ಲ. ಅದಕ್ಕೆ ಓಡಿ ಬೇಕೇ ಬೇಕು. ಪಿಎಚ್‌ಡಿಗೆ ಸಾಮಾನ್ಯವಾಗಿ ಸ್ಟೈಪೆಂಡ್ ಸಿಗುತ್ತೆ, ಓಡಿಗೆ ಕೈಯಿಂದಲೇ ದೊಡ್ಡ ಫೀಸು. ಹಾಗಾಗಿ ಬರೀ ಪಿಎಚ್‌ಡಿ ಮಾಡಿ ಲ್ಯಾಬ್‌ನಲ್ಲೇ ಉಳಿದವರು ರೆಟಿನೋಸ್ಕೋಪ್ ಹಿಡಿಯೋದನ್ನೇ ಮರೀತಾರೆ. ನನಗಂತೂ ಅದು ನಷ್ಟ ಅನ್ಸುತ್ತೆ.

ನಮ್ಮ ದೇಶದಲ್ಲೇ ದಾರಿಯಿದೆ. ಚೆನ್ನೈನ ಎಲೀಟ್ ಸ್ಕೂಲ್ 1985ರಿಂದ ನಡೀತಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಆಸ್ಪತ್ರೆ, ಪ್ರಯೋಗಾಲಯ ಎರಡೂ ಇವೆ. ಮಣಿಪಾಲದಲ್ಲಿ ಎಂ.ಆಪ್ಟಮ್ ಇದೆ. ಸಂಬಳ ಬಿಟ್ಟು ಫೆಲೋಶಿಪ್ ಹಣದಲ್ಲಿ ಬದುಕೋದು ಕಷ್ಟವೇ. ಇಎಂಐ ಇದ್ದರೆ ಮೊದಲು ಅದರ ಲೆಕ್ಕ ಹಾಕಿ.

ಜೂನಿಯರ್ಸ್ ಕೇಳಿದಾಗ ನಾನು, ಕನಿಷ್ಠ ಎರಡು ವರ್ಷ ಒಪಿಡಿಯಲ್ಲಿ ಕೂತು ಆಮೇಲೆ ಹೋಗಿ ಅಂತೀನಿ. ಲ್ಯಾಬಿನ ಪ್ರಯೋಗಗಳಲ್ಲಿ ಎಷ್ಟೋ ಸಲ ‘ಗೊತ್ತಿಲ್ಲ’ ಅನ್ನೋ ಉತ್ತರಕ್ಕೆ ಜಾಗವೇ ಇರಲ್ಲ, ಎರಡರಲ್ಲಿ ಒಂದನ್ನ ಆರಿಸಲೇಬೇಕು. ಕ್ಲಿನಿಕ್‌ನಲ್ಲಿ ಹಾಗಲ್ಲ. ನಮ್ಮ ಅಜ್ಜಿಯರು ‘ಎರಡೂ ಒಂದೇ ಥರ ಕಣಪ್ಪಾ’ ಅಂತಾರೆ. ಒಮ್ಮೊಮ್ಮೆ ನಮಗೆ ಬೇಜಾರಾಗದಿರಲಿ ಅಂತ ‘ಹ್ಞೂಂ, ಚೆನ್ನಾಗಿದೆ’ ಅಂತಲೂ ಹೇಳಿಬಿಡ್ತಾರೆ. ಆ ‘ಹ್ಞೂಂ’ ಎಷ್ಟು ನಿಜ ಅಂತ ಗೊತ್ತಾಗಬೇಕಾದ್ರೆ ನೂರಾರು ಅಜ್ಜಿಯರ ಮುಂದೆ ಕೂತಿರಬೇಕು.

ಇನ್ನೊಂದು. ಗೈಡ್ ಹುಡುಕುವಾಗ ಅವರ ಪೇಪರ್‌ಗಳನ್ನು ಎಣಿಸೋದಷ್ಟೇ ಅಲ್ಲ, ‘ವಾರದಲ್ಲಿ ಎಷ್ಟು ದಿನ ನನ್ನನ್ನ ಕ್ಲಿನಿಕ್‌ಗೆ ಬಿಡ್ತೀರಿ?’ ಅಂತ ಮೊದಲ ಭೇಟಿಯಲ್ಲೇ ಕೇಳಿ. ‘ಆಮೇಲೆ ನೋಡೋಣ’ ಅಂದ್ರೆ ಇನ್ನೊಬ್ಬರನ್ನ ಹುಡುಕಿ.