ದನಗಳ ರೋಗಕ್ಕೆ ಟೆಟ್ರಾಸೈಕ್ಲಿನ್: ಅರ್ಧ ಚಿಕಿತ್ಸೆಯಿಂದಾಗುವ ಕೇಡು

ದನವು ಜ್ವರ ಬಂದು ಮೇವು ಬಿಟ್ಟೊಡನೆ ಟೆಟ್ರಾಸೈಕ್ಲಿನ್ ಚುಚ್ಚುಮದ್ದನ್ನು ಹಾಕಿಸುವುದೂ, ಮಾರನೆಯ ದಿನ ಅದು ಮೇವು ಮುಟ್ಟಿದರೆ ಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸುವುದೂ ಹಲವೆಡೆಗಳಲ್ಲಿ ಕಂಡುಬರುವ ಪದ್ಧತಿಯಾಗಿದೆ. ಇದು ಮಿತವ್ಯಯವೆಂದು ತೋರಿದರೂ ವಾಸ್ತವವಾಗಿ ನಷ್ಟದ ದಾರಿಯೇ ಸರಿ. ಔಷಧವು ಕೆಲಸಮಾಡುವ ಕ್ರಮವನ್ನು ಅರಿತವರಿಗೆ ಇದರ ಕಾರಣವು ಸ್ಪಷ್ಟವಾಗುವುದು.

ಈ ವರ್ಗದ ಮೊದಲನೆಯ ಔಷಧವಾದ ಆರಿಯೋಮೈಸಿನ್ ದೊರೆತದ್ದು ಹೊಲದ ಮಣ್ಣಿನಿಂದಲೇ. ಅಮೆರಿಕದ ಮಿಸೌರಿ ಪ್ರಾಂತದ ಪ್ರಯೋಗಕ್ಷೇತ್ರವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಎಂಬ ಸಸ್ಯಶಾಸ್ತ್ರಜ್ಞರು ಇದನ್ನು ಪಡೆದು, 1948ನೆಯ ಇಸವಿಯಲ್ಲಿ ಪ್ರಕಟಪಡಿಸಿದರು. ಅವರಿದ್ದ ಸಂಸ್ಥೆಯಲ್ಲಿ ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದವರು ಭೀಮವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು.

ಬ್ಯಾಕ್ಟೀರಿಯಗಳು ಬೆಳೆದು ವೃದ್ಧಿಯಾಗಲು ಸಸಾರಜನಕವು ಬೇಕು. ಅದು ತಯಾರಾಗುವ ಸ್ಥಳವೇ ಜೀವಕೋಶದೊಳಗಿನ ರೈಬೋಸೋಮ್. ಗೋಡೆ ಕಟ್ಟುವಲ್ಲಿಗೆ ಆಳುಗಳು ಇಟ್ಟಿಗೆ ಹೊತ್ತು ತರುವಂತೆ, ಇಲ್ಲಿಗೆ ಅಮೈನೋ ಆಮ್ಲಗಳು ಒಂದೊಂದಾಗಿ ಬರುತ್ತವೆ. ಟೆಟ್ರಾಸೈಕ್ಲಿನ್ ರೈಬೋಸೋಮಿಗೆ ಅಂಟಿಕೊಂಡು, ಹೊರೆಯನ್ನು ಇಳಿಸುವ ಎಡೆಯನ್ನೇ ಅಡ್ಡಗಟ್ಟುತ್ತದೆ. ಕಟ್ಟಡವು ನಿಲ್ಲುತ್ತದೆ, ರೋಗಾಣುವು ಬೆಳೆಯಲಾರದು. ಆದರೆ ಸಾಮಾನ್ಯವಾಗಿ ಅದು ಕೂಡಲೆ ಸಾಯುವುದೂ ಇಲ್ಲ. ಉಳಿದುದನ್ನು ನಿರ್ಮೂಲಮಾಡುವ ಕೆಲಸವು ದನದ ದೇಹಶಕ್ತಿಯದು. ಅದಕ್ಕೆ ಕಾಲಾವಕಾಶವು ಬೇಕು. ನಡುವೆಯೇ ಔಷಧವನ್ನು ನಿಲ್ಲಿಸಿದರೆ ರೋಗಾಣುಗಳು ಪುನಃ ತಲೆಯೆತ್ತುವುವು.

ಔಷಧವನ್ನು ಕಡಮೆ ಪ್ರಮಾಣದಲ್ಲಿ ಮೇಲಿಂದ ಮೇಲೆ ಬಳಸುವಲ್ಲಿ ಮತ್ತೊಂದು ಅಪಾಯವಿದೆ. ಒಳಹೊಕ್ಕ ಔಷಧವನ್ನು ಹೊರದೂಡಬಲ್ಲ ರೋಗಾಣುಗಳೇ ಉಳಿದು ಹೆಚ್ಚುತ್ತವೆ. ಅವು ಒಂದು ಕೊಟ್ಟಿಗೆಯ ಎಲ್ಲೆಯನ್ನು ಬಲ್ಲವಲ್ಲ. ಊರಿನ ಕೆರೆಗೂ ಗೋಮಾಳಕ್ಕೂ ಹರಡಬಲ್ಲವು. ಗಳಲೆರೋಗದಂತಹ ಬ್ಯಾಕ್ಟೀರಿಯ ರೋಗಗಳಲ್ಲಿ ಪ್ರಾಣವನ್ನುಳಿಸಬಲ್ಲ ಮದ್ದು ಆಗ ನಿಷ್ಫಲವಾಗುವುದು.

ಕಾಲುಬಾಯಿ ಜ್ವರವು ವೈರಸ್ಸಿನಿಂದ ಬರತಕ್ಕುದು. ವೈರಸ್ಸಿಗೆ ತನ್ನದೇ ಆದ ರೈಬೋಸೋಮ್ ಇಲ್ಲದ ಕಾರಣ ಈ ಔಷಧವು ಅದನ್ನು ತಡೆಯಲಾರದು. ಅಲ್ಲಿ ರಕ್ಷಣೆಯೆಂದರೆ ಮುಂಚಿತವಾಗಿ ಹಾಕಿಸಿದ ಲಸಿಕೆ. ಹುಣ್ಣುಗಳಿಗೆ ಬ್ಯಾಕ್ಟೀರಿಯ ತಗುಲಿದ್ದಲ್ಲಿ ಮಾತ್ರ ಪಶುವೈದ್ಯರು ಇಂತಹ ಔಷಧವನ್ನು ಸೂಚಿಸಬಹುದು. ಔಷಧವು ಹಾಲಿನಲ್ಲಿಯೂ ಇಳಿಯುವುದರಿಂದ, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಲೂ ಬಾರದು, ಮಕ್ಕಳಿಗೆ ಕೊಡಲೂ ಬಾರದು.

ಆದಕಾರಣ ಪಶುವೈದ್ಯರ ಪರೀಕ್ಷೆಯಿಲ್ಲದೆ ಈ ಮದ್ದನ್ನು ಕೊಳ್ಳದಿರುವುದೂ, ವಿಧಿಸಿದ ಪ್ರಮಾಣವನ್ನೂ ದಿನಗಳನ್ನೂ ಪೂರೈಸುವುದೂ ಊರಿನ ಕಟ್ಟಳೆಯಾಗಬೇಕು. ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಕೊಟ್ಟಿಗೆಗಳಲ್ಲಿ ಇದನ್ನು ಆಚರಿಸಿ ತೋರಿಸಿದಲ್ಲಿ, ಸಣ್ಣ ಹಿಡುವಳಿಯ ರೈತರು ಅನುಸರಿಸದೆ ಇರಲಾರರು.