ಒಂದೂವರೆ ಅಡಿಯ ಲೆಕ್ಕ

ತುಮಕೂರು, ಚಿತ್ರದುರ್ಗ, ದಾವಣಗೆರೆಗಳನ್ನು ಹಾದುಹೋಗುವ ಹೆದ್ದಾರಿಯಲ್ಲಿ ಎರಡು ಬಿಳಿ ಗೆರೆಗಳ ನಡುವಿನ ಪಥದ ಅಗಲ ಮೂರೂವರೆ ಮೀಟರ್. ಕಾನೂನಿನ ಪ್ರಕಾರ ಲಾರಿಯ ಅಗಲ ಹೆಚ್ಚೆಂದರೆ 2.6 ಮೀಟರ್. ಲೆಕ್ಕ ಹಾಕಿ ನೋಡಿ: ದೊಡ್ಡ ಲಾರಿಯೊಂದು ಸರಿಯಾಗಿ ಮಧ್ಯದಲ್ಲಿದ್ದರೂ ಒಂದೊಂದು ಬದಿಗೆ ಉಳಿಯುವುದು 45 ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ. ಹೊರಚಾಚಿದ ಕನ್ನಡಿಗಳು ಅದರಲ್ಲೂ ಪಾಲು ಕೇಳುತ್ತವೆ.

ಮಗ ಲಾರಿ ಓಡಿಸಲು ಕಲಿಯುತ್ತೇನೆಂದರೆ ಮುಖ ಗಂಟಿಕ್ಕುವ ತಂದೆ-ತಾಯಿಯರೇ ಹೆಚ್ಚು. ಅದೂ ಒಂದು ವಿದ್ಯೆಯೇ ಎಂಬ ತಾತ್ಸಾರ. ವಿದ್ಯೆಯೇ ಹೌದು. ಇಪ್ಪತ್ತು ವರ್ಷ ತುಂಬದೆ, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆಯದೆ ಅದರ ಸ್ಟಿಯರಿಂಗ್ ಹಿಡಿಯುವಂತಿಲ್ಲ.

ಹೊಸಬ ಎಡವುವುದು ತಾನು ಕುಳಿತ ಜಾಗದಿಂದಲೇ. ಭಾರತದಲ್ಲಿ ಚಾಲಕನ ಸೀಟು ಬಲಗಡೆ. ಸೈಕಲ್, ಬೈಕು ಓಡಿಸಿ ಬಂದವನಿಗೆ ತಾನು ಪಥದ ನಡುವೆ ಇದ್ದರೆ ಸಾಕೆನಿಸುತ್ತದೆ. ಆದರೆ ಅವನು ನಡುವೆ ಇದ್ದಾಗ ಲಾರಿಯ ಎಡಮೈ ಆಗಲೇ ಗೆರೆ ದಾಟಿರುತ್ತದೆ. ಆ ಅಂಚಿನಲ್ಲೇ ಶಾಲೆ ಬಿಟ್ಟ ಮಕ್ಕಳು ಸೈಕಲ್ ತುಳಿಯುತ್ತಿರುತ್ತಾರೆ.

ಹಾಗೆಂದು ಬಾನೆಟ್ಟಿನ ಮುಂದಿನ ಗೆರೆಯನ್ನೇ ದಿಟ್ಟಿಸಿದರೆ ಇನ್ನೊಂದು ಕಷ್ಟ. ಕಣ್ಣು ಹತ್ತಿರವಿದ್ದಷ್ಟೂ ಸ್ಟಿಯರಿಂಗ್ ಹೆಚ್ಚು ತಿರುಗುತ್ತದೆ, ಲಾರಿ ಹಾವಿನಂತೆ ಹರಿಯುತ್ತದೆ. ಪಳಗಿದವರ ದೃಷ್ಟಿ ಇನ್ನೂರು ಮೀಟರ್ ಆಚೆ, ಪಥದ ನಡುಮಧ್ಯದಲ್ಲಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಹನ್ನೆರಡು ಸೆಕೆಂಡಿನ ದಾರಿ. ಆಗಾಗ ಎರಡೂ ಕನ್ನಡಿಗಳತ್ತ ಒಂದು ನೋಟ: ಹಿಂದಿನ ಟೈರಿಗೂ ಗೆರೆಗೂ ನಡುವಿನ ಜಾಗ ಎರಡೂ ಕಡೆ ಒಂದೇ ಸಮ ಇದೆಯೇ? ಇದ್ದರೆ ಸರಿ, ಕಣ್ಣು ಮರಳಿ ರಸ್ತೆಗೆ. ಈ ನೋಟ ಕ್ಷಣಮಾತ್ರದ್ದಾಗಿರಬೇಕು. ಅದೇ ವೇಗದಲ್ಲಿ ಲಾರಿಯ ಮೂತಿ ಒಂದೇ ಒಂದು ಡಿಗ್ರಿ ವಾಲಿದರೂ ಆ ಒಂದೂವರೆ ಅಡಿ ಕರಗಲು ಒಂದೂವರೆ ಸೆಕೆಂಡು ಸಾಕು. ತ್ರಿಕೋನಮಿತಿ ಓದುತ್ತಿರುವವರು ತಾಳೆ ನೋಡಬಹುದು.

ಶಿರಾಡಿ ಘಾಟಿಯಂಥ ತಿರುವುಗಳಲ್ಲಿ ಈ ಲೆಕ್ಕವೂ ಬದಲಾಗುತ್ತದೆ. ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಮಗ್ಗುಲಿಗೆ ಸರಿಯುತ್ತವೆ. ಲಾರಿ ಉದ್ದವಾದಷ್ಟೂ ಇದು ಹೆಚ್ಚು. ಅದಕ್ಕೇ ಎಡತಿರುವಿನಲ್ಲಿ ಮುಂಭಾಗವನ್ನು ಪಥದೊಳಗೇ ತುಸು ಬಲಕ್ಕೆ ಇರಿಸಿಕೊಳ್ಳಬೇಕು.

ಹಿಂದೆ ಎಷ್ಟೋ ಡ್ರೈವರುಗಳು ಕ್ಲೀನರುಗಳಾಗಿದ್ದವರು. ವರ್ಷಗಟ್ಟಲೆ ಎಡಬಾಗಿಲ ಬಳಿ ಕುಳಿತು, ಅಂಚು ನೋಡಿ ಕೂಗು ಹಾಕಿದವನಿಗೆ ಲಾರಿಯ ಎಡಮೈಯ ಅಳತೆ ತಾನೇ ಮನಸ್ಸಿನಲ್ಲಿ ಕೂರುತ್ತಿತ್ತು. ಕ್ಲೀನರನಾಗಿ ತಿರುಗದೆ ನೇರವಾಗಿ ಸ್ಟಿಯರಿಂಗ್ ಹಿಡಿಯುವವನಿಗೆ ಬಯಲೇ ಗುರು. ಸುಣ್ಣದಲ್ಲಿ ಮೂರೂವರೆ ಮೀಟರ್ ಅಂತರಕ್ಕೆ ಎರಡು ಗೆರೆ ಎಳೆದು, ಲಾರಿಯನ್ನು ನಡುವೆ ನಿಲ್ಲಿಸಿ, ಇಳಿದು ಎರಡೂ ಬದಿ ಅಳೆದು, ಮತ್ತೆ ಸೀಟಿಗೆ ಹತ್ತಿ, ಎಡಗೆರೆ ಮುಂದಿನ ಗಾಜಿನ ಕೆಳಅಂಚನ್ನು ಎಲ್ಲಿ ಮುಟ್ಟುತ್ತದೆಂದು ಗುರುತಿಟ್ಟುಕೊಳ್ಳಬೇಕು. ಸೀಟಿನ ಎತ್ತರ ಬದಲಾದರೆ ಆ ಗುರುತೂ ಬದಲಾಗುತ್ತದೆ. ಬೇರೆ ಲಾರಿ ಹತ್ತಿದ ದಿನ ಮತ್ತೆ ಹೊಸದಾಗಿ ಅಳೆಯಬೇಕು.