ಮೋಟಾರಿಗೆ ರೆಕ್ಕೆ ಬೇಕೆ?

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನಿಂದ)

“ಗಾಳಿ ಬಂದಾಗ ತೂರಿಕೋ” ಎಂಬುದು ನಮ್ಮ ಹಿರಿಯರ ಮಾತು. ಕಣದಲ್ಲಿ ನಿಂತು ತೂರುವ ರೈತನಿಗೆ ಗಾಳಿಯ ಬಲವೆಷ್ಟು, ದಿಕ್ಕು ಯಾವುದು ಎಂಬುದು ಚೆನ್ನಾಗಿ ಗೊತ್ತು. ಗಾಳಿಯಿಲ್ಲದಾಗ ಅವನು ಮೊರವೆತ್ತುವುದಿಲ್ಲ. ಈಗಿನ ತರುಣರು ಕಾರುಗಳ ಹಿಂದೆ ರೆಕ್ಕೆ ಕಟ್ಟುವುದನ್ನು ಕಂಡಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಈ ರೆಕ್ಕೆಗಳು ನಿಜವಾಗಿ ಕೆಲಸ ಮಾಡುತ್ತವೆಯೋ, ಬರಿಯ ಅಲಂಕಾರವೋ?

ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ಈ ಚಿಂತೆ ಏಕೆಂದು ಅಧ್ಯಾಪಕರು ಕೇಳಬಹುದು. ನನ್ನ ದೊಡ್ಡಪ್ಪನ ಮಗನು ಬೆಂಗಳೂರಿನ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಅವನೂ ಅವನ ಮೂವರು ಗೆಳೆಯರೂ ಸೇರಿ ಹಳೆಯ ಸಣ್ಣ ಕಾರೊಂದನ್ನು ಸಜ್ಜುಗೊಳಿಸಿ, ವರ್ಷಕ್ಕೆ ಒಂದೆರಡು ಸಲ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಓಟದ ಪಥಕ್ಕೆ ಒಯ್ಯುತ್ತಾರೆ. ಕಳೆದ ವರ್ಷ ಎರಡು ತಿಂಗಳ ಸಂಬಳ ಸುರಿದು ಒಂದು ರೆಕ್ಕೆ ಕೊಳ್ಳಹೊರಟಾಗ ಅವನು ನನ್ನನ್ನು ಕೇಳಿದನು: “ನಮ್ಮ ಮನೇಲಿ ಕಾಲೇಜು ಮೆಟ್ಟಿಲು ಹತ್ತಿದವನು ನೀನೊಬ್ಬನೇ ಕಣೋ. ಓದಿ ಹೇಳು, ಇದು ಕೆಲಸಕ್ಕೆ ಬರುತ್ತಾ?” ಬಿ.ಎ.ಯವನಿಗೆ ಅದು ತಿಳಿಯದೆಂದು ಜಾರಿಕೊಳ್ಳಲು ನಾಚಿಕೆಯಾಯಿತು. ಓದಿದೆ. ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ಓಡುವ ಬಸ್ಸಿನ ಕಿಟಕಿಯಿಂದ ಬಾಲ್ಯದಲ್ಲಿ ಕೈ ಚಾಚದವರು ಯಾರು? ಅಂಗೈಯ ಮುಂದಂಚನ್ನು ಮೇಲಕ್ಕೆ ಓರೆಮಾಡಿದರೆ ಗಾಳಿ ಕೈಯನ್ನು ಎತ್ತುತ್ತದೆ; ಕೆಳಕ್ಕೆ ಓರೆಮಾಡಿದರೆ ಒತ್ತುತ್ತದೆ. ಮೊದಲನೆಯದು ವಿಮಾನದ ರೆಕ್ಕೆ, ಎರಡನೆಯದು ಕಾರಿನ ರೆಕ್ಕೆ. ಕೆಳಕ್ಕೆ ಒತ್ತಿದಷ್ಟೂ ಟೈರು ನೆಲವನ್ನು ಬಿಗಿಯಾಗಿ ಹಿಡಿದು, ತಿರುವನ್ನು ಹೆಚ್ಚು ವೇಗದಿಂದ ದಾಟಬಹುದು. ಹಾಗಾದರೆ ಡಿಕ್ಕಿಯಲ್ಲಿ ಮರಳಿನ ಮೂಟೆ ಇಟ್ಟರೆ ಸಾಲದೆ? ಸಾಲದು. ಮೂಟೆ ನೆಲಕ್ಕೆ ಒತ್ತುವುದರ ಜೊತೆಗೆ ತಿರುವಿನಲ್ಲಿ ಕಾರನ್ನು ಹೊರಕ್ಕೂ ಎಳೆಯುತ್ತದೆ. ಗಾಳಿಯ ಭಾರವು ಒತ್ತುತ್ತದೆ, ಎಳೆಯುವುದಿಲ್ಲ. ರೆಕ್ಕೆಯ ಗುಟ್ಟೆಲ್ಲ ಇಷ್ಟರಲ್ಲಿದೆ.

ಇದು ಹೊಸ ಮಾತೇನಲ್ಲ. 1956ರಲ್ಲಿ ಸ್ವಿಟ್ಜರ್ಲೆಂಡಿನ ಮೈಕೆಲ್ ಮೇ ಎಂಬ ಎಂಜಿನಿಯರು ತನ್ನ ಪೋರ್ಷೆ ಕಾರಿನ ಮೇಲೆ ರೆಕ್ಕೆಯೊಂದನ್ನು ನಿಲ್ಲಿಸಿಕೊಂಡು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥಕ್ಕೆ ಬಂದನು. ಅಧಿಕಾರಿಗಳು ಅದನ್ನು ತೆಗೆಸಿದರು. 1966ರಲ್ಲಿ ಅಮೆರಿಕದ ಜಿಮ್ ಹಾಲ್ ತನ್ನ ಚಾಪರಾಲ್ ಕಾರಿಗೆ ಎತ್ತರದ ರೆಕ್ಕೆಯನ್ನು ಕಟ್ಟಿ ಓಡಿಸಿದನು. ಎರಡೇ ವರ್ಷಗಳಲ್ಲಿ ಗ್ರಾಂ ಪ್ರೀ ಕಾರುಗಳಿಗೂ ರೆಕ್ಕೆ ಬಂದುವು. ಆದುದರಿಂದ “ರೆಕ್ಕೆಯೆಲ್ಲ ಬರಿಯ ಷೋಕಿ” ಎಂದು ನಗುವವರ ಮಾತನ್ನು ನಾನು ಒಪ್ಪಲಾರೆ.

ಆದರೆ ಕೊಳ್ಳುವವನು ಮೊದಲು ಲೆಕ್ಕ ಹಾಕಬೇಕು. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಮಡಿ. ಒಂದು ಮೀಟರು ಉದ್ದ, 30 ಸೆಂಟಿಮೀಟರು ಅಗಲದ ಸಾಧಾರಣ ರೆಕ್ಕೆ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಸುಮಾರು 14 ಕಿಲೋಗ್ರಾಮಿನಷ್ಟು ಒತ್ತುತ್ತದೆ. 200ರಲ್ಲಿ ಅದು 56. ಡಿಕ್ಕಿಯ ಮೇಲೆ ಒಬ್ಬ ಮನುಷ್ಯ ಕುಳಿತಂತೆ. 50ರಲ್ಲಾದರೋ ಮೂರೂವರೆ ಮಾತ್ರ! ಸಾವಿರ ಕಿಲೋಗ್ರಾಮಿನ ಕಾರಿಗೆ ಅದು ಯಾವ ಲೆಕ್ಕ? ಹವ್ಯಾಸಿಯ ಕಾರು ನಿಧಾನದ ತಿರುವುಗಳಲ್ಲಿ ರೆಕ್ಕೆಯನ್ನು ಬರಿದೆ ಹೊತ್ತು ತಿರುಗುತ್ತದೆ. ನೇರ ಹಾದಿಯಲ್ಲಿ ಅದೇ ರೆಕ್ಕೆ ಗಾಳಿಗೆ ಅಡ್ಡವಾಗಿ ವೇಗವನ್ನು ತಿನ್ನುತ್ತದೆ.

ಎರಡನೆಯದು ಸಮತೋಲ. ರೆಕ್ಕೆಯು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಇರುವುದರಿಂದ ಏತದಂತೆ ವರ್ತಿಸುತ್ತದೆ: ಹಿಂಬದಿ ತಗ್ಗಿದರೆ ಮುಂಬದಿ ಹಗುರಾಗುತ್ತದೆ. ಗಾಲಿಗಳ ನಡುವಣ ಅಂತರ ಎರಡೂವರೆ ಮೀಟರಿದ್ದು ರೆಕ್ಕೆ ಅರ್ಧ ಮೀಟರು ಹಿಂದಿದ್ದರೆ, ಅದರ ಒತ್ತಡದ ಐದನೆಯ ಒಂದು ಪಾಲಿನಷ್ಟು ಭಾರ ಮುಂದಿನ ಗಾಲಿಗಳಿಂದ ಕಳೆದುಹೋಗುತ್ತದೆ. ಹಿಂದೆ ರೆಕ್ಕೆ ಕಟ್ಟಿದವನು ಮುಂದೆ ಬಂಪರಿನ ಕೆಳಗೆ ಚಪ್ಪಟೆ ತುಟಿಯಂಥ ಹಲಗೆಯನ್ನು, ಅಂದರೆ ಸ್ಪ್ಲಿಟರನ್ನು, ಕಟ್ಟಬೇಕಾಗುವುದು ಇದಕ್ಕಾಗಿಯೇ. ಅದೂ ಗಾಳಿಗೆ ಬಳುಕದಷ್ಟು ಗಟ್ಟಿಯಾಗಿರಬೇಕು. ಇನ್ನು ಕಾರಿನ ತಳವು ಸಪಾಟಾಗಿರದೆ, ಹಿಂದಿನ ಬಂಪರಿಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿಗಳು ನಿಶ್ಚಯವಾಗಿ ಅಲಂಕಾರವೇ. ಕಾರಿನ ಮಾಡಿನ ಮರೆಯಲ್ಲಿ, ಕಲಕಿದ ಗಾಳಿಯಲ್ಲಿ ತಗ್ಗಾಗಿ ಕುಳಿತ ರೆಕ್ಕೆಯ ಪಾಡೂ ಹೆಚ್ಚುಕಡಿಮೆ ಅಷ್ಟೆ.

ಮೂರನೆಯದು ಭದ್ರತೆ; ಇದು ಪ್ರಾಣದ ಮಾತು. 1969ರಲ್ಲಿ ಬಾರ್ಸಿಲೋನಾದ ಓಟದಲ್ಲಿ ಗ್ರಹಾಂ ಹಿಲ್, ಯೋಖೆನ್ ರಿಂಟ್ ಎಂಬ ಇಬ್ಬರು ಪ್ರಸಿದ್ಧ ಚಾಲಕರ ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳು ಮುರಿದು, ಎರಡೂ ಕಾರುಗಳು ನುಚ್ಚುನೂರಾದುವು. ಅದಾದ ಕೆಲವೇ ದಿನಗಳಲ್ಲಿ ಅಂಥ ರೆಕ್ಕೆಗಳನ್ನು ನಿಷೇಧಿಸಲಾಯಿತು. ಪರಿಣತ ಎಂಜಿನಿಯರುಗಳಿಗೇ ಹೀಗಾದರೆ, ಡಿಕ್ಕಿಯ ತೆಳು ತಗಡಿಗೆ ನಾಲ್ಕು ಬೋಲ್ಟು ಬಿಗಿದು ಓಡುವವನ ಗತಿಯೇನು? ರೆಕ್ಕೆಯನ್ನು ನಂಬಿ ತಿರುವಿಗೆ ನುಗ್ಗಿದ ಮೇಲೆ ಅದು ಕಳಚಿದರೆ, ಕೆಡುವವನು ಅವನೊಬ್ಬನೇ ಅಲ್ಲ, ಹಿಂದೆ ಬರುವವನೂ ಹೌದು.

ನಾನು ನಮ್ಮಣ್ಣನಿಗೆ ಇಷ್ಟನ್ನೂ ಹೇಳಿ, “ಮೊದಲು ಒಳ್ಳೆಯ ಟೈರು, ಬ್ರೇಕು, ಆಮೇಲೆ ಅಭ್ಯಾಸ, ರೆಕ್ಕೆ ಕೊನೆಗೆ” ಎಂದೆ. “ಓದಿದವರು ಎಲ್ಲಕ್ಕೂ ಬೇಡ ಅಂತೀರಿ” ಎಂದು ನಕ್ಕು ಅವನು ಕೊಂಡೇಬಿಟ್ಟನು. ಆದರೆ ನನ್ನ ಒಂದು ಮಾತನ್ನು ನಡೆಸಿಕೊಟ್ಟನು. ಒಂದೇ ದಿನ, ಅವೇ ಟೈರುಗಳ ಮೇಲೆ, ರೆಕ್ಕೆ ಕಟ್ಟಿ ಐದು ಸುತ್ತು, ಬಿಚ್ಚಿ ಐದು ಸುತ್ತು ಓಡಿಸಿ ಗಡಿಯಾರ ಹಿಡಿಸಿದನು. ವೇಗದ ತಿರುವಿನಲ್ಲಿ ಹಿಂಬದಿ ಸ್ಥಿರವಾಗಿತ್ತಂತೆ, ಮೂತಿ ಮಾತ್ರ ತಿರುಗಲು ಮೊಂಡು ಹಿಡಿಯಿತಂತೆ. ಕಾಲದಲ್ಲಿ ಕಂಡ ವ್ಯತ್ಯಾಸವು ಅವನ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಇದ್ದ ವ್ಯತ್ಯಾಸಕ್ಕಿಂತ ಕಡಿಮೆ! ಈಗ ಅವನು ಉಲ್ಲನ್ ದಾರದ ತುಂಡುಗಳನ್ನು ಕಾರಿನ ಮೈಗೆ ಅಂಟಿಸಿ, ಅವು ನೆಟ್ಟಗೆ ಹರಿಯುವುದೆಲ್ಲಿ, ಚಡಪಡಿಸುವುದೆಲ್ಲಿ ಎಂದು ನೋಡುತ್ತಿದ್ದಾನೆ. ಬಡವನ ಗಾಳಿಸುರಂಗ ಅದು.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟೆ: ರೆಕ್ಕೆ ಸುಳ್ಳಲ್ಲ, ಅಳೆಯದೆ ನಂಬುವುದು ತಪ್ಪು. ಕಾರಿನ ವಿಷಯದಲ್ಲಿ ಮಾತ್ರವಲ್ಲ, ಅಂಗಡಿಯವನು ಹೊಗಳಿದನೆಂದು ಕೊಳ್ಳುವುದೂ ನೆರೆಯವನು ನಕ್ಕನೆಂದು ಬಿಡುವುದೂ ಒಂದೇ ಬಗೆಯ ಅವಿಚಾರ. ಕಣದ ರೈತನು ಮೊದಲು ಹಿಡಿ ಹೊಟ್ಟನ್ನು ಮೇಲೆ ಬಿಟ್ಟು ನೋಡುತ್ತಾನೆ. ಆಮೇಲೆ ಮೊರಕ್ಕೆ ಕೈ ಹಾಕುತ್ತಾನೆ. ಅಷ್ಟು ವಿವೇಕ ಓದಿದ ನಮಗೂ ಇರಲಿ.